ಸಾಮಾನ್ಯ ನಿವಾಸಿ

ಇನ್ನಂಜೆ
12 ಮೇ 2023

ಡಿಂಪಲ್,

ನಿಮ್ಮ ಕಾನ್ವೆಂಟಿಗೆ ಬರುವ ಪತ್ರಗಳನ್ನೆಲ್ಲ ಮದರ್ ಮೊದಲು ಓದುತ್ತಾರೆ, ಅವರಿಗೆ ಕೊಂಕಣಿ ಬಾರದು ಎಂದು ನಿನ್ನ ಮಮ್ಮಿ ಹೇಳಿದಳು. ಆದ್ದರಿಂದ ಕನ್ನಡದಲ್ಲಿ ಬರೆಯುತ್ತಿದ್ದೇನೆ. ಮನೆಯಲ್ಲಿ ಆಡದ ಭಾಷೆಯಲ್ಲಿ ಮಗಳಿಗೆ ಬರೆಯುವಾಗ ಪಂಚಾಯತಿಗೆ ಅರ್ಜಿ ಬರೆದ ಹಾಗೆ ಆಗುತ್ತದೆ. ಸಹಿಸಿಕೋ.

ಮೊನ್ನೆ ಬುಧವಾರ ವಿಧಾನಸಭೆಯ ಮತದಾನವಿತ್ತಲ್ಲ, ನಮ್ಮ ಶಾಲೆಯಲ್ಲಿ ಬಾಗಿಲು ತೆರೆಯುವಾಗಲೇ ನನ್ನ ಮತ ಹಾಕಿದೆ. ಅಲ್ಲಿಂದ ಕಾಪು, ಪಡುಬಿದ್ರಿ, ಮತ್ತೆ ಕಾರ್ಕಳದ ಬಸ್ಸು. ನಿಟ್ಟೆಯಲ್ಲಿ ಇಳಿದು ನಿಮ್ಮ ಮತಗಟ್ಟೆಯ ಶಾಲೆಗೆ ನಡೆದೆ. ಅಲ್ಲಿ ರಸ್ತೆಗೆ ಅಡ್ಡವಾಗಿ ಸುಣ್ಣದ ಗೆರೆ ಎಳೆದಿದ್ದರು. ಒಬ್ಬ ಪೊಲೀಸ್ ಹುಡುಗ ಬಂದ.

"ಎಂತ ಅಂಕಲ್, ನಿಮ್ಮ ವೋಟು ಇಲ್ಲಿಯಾ?"

"ಅಲ್ಲ, ಇನ್ನಂಜೆಯಲ್ಲಿ. ಹಾಕಿ ಬಂದೆ."

"ಮತ್ತೆ ಇಲ್ಲಿ ಎಂತ ಕೆಲಸ?"

"ಮತದಾನ ಸರಿಯಾಗಿ ನಡೆಯುತ್ತದಾ ಅಂತ ನೋಡ್ಲಿಕ್ಕೆ."

"ಅದಕ್ಕೆ ಸರಕಾರ ನಮಗೆ ಸಂಬಳ ಕೊಡ್ತದೆ ಮಾರಾಯ್ರೆ. ಗೆರೆ ಮಾತ್ರ ದಾಟಬೇಡಿ."

ದಾಟಲಿಲ್ಲ. ಶಾಲೆಯ ವ್ಯಾನಿನಿಂದ ನೀವು ಇಳಿಯುವುದನ್ನು, ಸಾಲಿನಲ್ಲಿ ನಿಲ್ಲುವುದನ್ನು ನೋಡಿದೆ. ಎಲ್ಲರಿಗೂ ಒಂದೇ ಉಡುಪು, ತಲೆಗೆ ಒಂದೇ ಕರಿ ಬಟ್ಟೆ. ಆದರೂ ಗೊತ್ತಾಯಿತು. ನೀನು ಬಲಗಾಲಿಗೆ ಭಾರ ಹಾಕಿ ನಿಲ್ಲುವುದನ್ನು ಬಿಟ್ಟಿಲ್ಲ.

ಆ ಗೋಡೆಯೊಳಗಿನಿಂದ ನೀವು ಹೊರಗೆ ಬರುವುದು ಎರಡಕ್ಕೆ ಮಾತ್ರ, ಡಾಕ್ಟರರಲ್ಲಿಗೆ ಮತ್ತು ವೋಟಿಗೆ. ನಿನಗೆ ಕಾಯಿಲೆ ಬರಲಿ ಎಂದು ಯಾವ ತಂದೆಯೂ ಬೇಡುವುದಿಲ್ಲ. ಚುನಾವಣೆ ಬರಲಿ ಎಂದು ಬೇಡಿಕೊಂಡರೆ ತಪ್ಪಿಲ್ಲ ಎಂದುಕೊಂಡಿದ್ದೇನೆ.

ಜೆಫ್ರಿ ಈಗ ವರ್ಕ್‌ಶಾಪಿನಲ್ಲಿ ನನಗಿಂತ ಬೇಗ ಬೋಟಿನ ಎಂಜಿನ್ ಬಿಚ್ಚುತ್ತಾನೆ. ಜೋಡಿಸುವುದು ನಿಧಾನ. ಉಳಿದಂತೆ ಎಲ್ಲರೂ ಕ್ಷೇಮ.

ನಿನ್ನ ಪಪ್ಪ,
ಬೆಂಜಮಿನ್ ಮಥಾಯಸ್


ನಿಟ್ಟೆ
4 ಜೂನ್ 2023

ಪ್ರೀತಿಯ ಪಪ್ಪಾ,

ನಿಮ್ಮ ಪತ್ರವನ್ನು ಮದರ್ ಪ್ಯಾಟ್ರಿಶಿಯಾ ಓದಿ, ಮೊದಲಿದ್ದ ಹಾಗೆಯೇ ಮಡಚಿ, ಊಟದ ನಂತರ ಕೊಟ್ಟರು. "ನಿನ್ನ ತಂದೆಯ ಅಕ್ಷರ ಸ್ಕ್ರೂಡ್ರೈವರಿನಲ್ಲಿ ಬರೆದ ಹಾಗಿದೆ" ಎಂದು ನಕ್ಕರು. ನಾನು ಇಲ್ಲಿಗೆ ಬಂದ ಮೇಲೆ ನೀವು ಬರೆದ ಮೊದಲ ಪತ್ರ ಇದು. ಅವರಿಗೂ ಅದು ಗೊತ್ತು.

ನಾನು ನಿಮ್ಮನ್ನು ನೋಡಿದೆ. ಕೈಯಲ್ಲಿ ಪತ್ರಿಕೆ ಇತ್ತು, ಅದನ್ನು ಬಿಸಿಲಿಗೆ ತಲೆಯ ಮೇಲೆ ಹಿಡಿಯಬಹುದಿತ್ತು, ಹಿಡಿಯಲಿಲ್ಲ. ತೆಳ್ಳಗಾಗಿದ್ದೀರಿ. ಮಮ್ಮಿ ಇದನ್ನು ನನಗೆ ಹೇಳಿರಲಿಲ್ಲ.

ಮಮ್ಮಿ ತಿಂಗಳ ಕೊನೆಯ ಭಾನುವಾರ ತಪ್ಪದೆ ಬರುತ್ತಾಳೆ. ಭೇಟಿಯ ಕೋಣೆಯಲ್ಲಿ ಜಾಲರಿಯ ಆಚೆ ಕುಳಿತು ಮನೆಯ ಸುದ್ದಿಯೆಲ್ಲ ಹೇಳುತ್ತಾಳೆ. ನಿಮ್ಮ ವಿಷಯ ಬಂದಾಗ, "ಅವರಿಗೆ ಕೆಲಸ ಹೆಚ್ಚು" ಎನ್ನುತ್ತಾಳೆ. ನೀವು ಬಂದದ್ದು ಒಂದೇ ಸಲ. ಮಗಳ ಮುಖವನ್ನು ಚೌಕ ಚೌಕವಾಗಿ ನೋಡಲು ನನ್ನಿಂದಾಗದು ಎಂದು ಎದ್ದು ಹೋದಿರಿ. ಜಾಲರಿ ಬೇಡವೆಂದವರು ಸುಣ್ಣದ ಗೆರೆಯನ್ನು ಹೇಗೆ ಒಪ್ಪಿಕೊಂಡಿರಿ ಎಂದು ಕೇಳಬೇಕೆನಿಸಿತು. ಕೇಳುವುದಿಲ್ಲ.

ಬೇರೊಂದು ಕೇಳುತ್ತೇನೆ. ಇಲ್ಲಿಗೆ ಬರುವುದು ಚರ್ಚಿನ ವಾರಪತ್ರಿಕೆ ಮಾತ್ರ, ಅದರಲ್ಲಿ ಇಂಥ ಸಂಗತಿ ಕಡಿಮೆ. ಮುಂದಿನ ಚುನಾವಣೆ ಯಾವಾಗ?

ಕ್ರಿಸ್ತನಲ್ಲಿ ನಿಮ್ಮ,
ಸಿಸ್ಟರ್ ವೆರೊನಿಕಾ


ಇನ್ನಂಜೆ
20 ಆಗಸ್ಟ್ 2023

ಡಿಂಪಲ್,

ನಿನ್ನ ಪ್ರಶ್ನೆಗೆ ಸರಿಯಾದ ಉತ್ತರ ಕೊಡಬೇಕೆಂದು ವಿಚಾರಿಸಿದೆ. ಲೋಕಸಭೆಯದ್ದು ಬರುವ ಬೇಸಿಗೆಗೆ. ಆದರೆ ಅದಕ್ಕಿಂತ ಮೊದಲೇ ಜಿಲ್ಲಾ ಪಂಚಾಯತ್ ಮತ್ತು ತಾಲೂಕು ಪಂಚಾಯತಿನದ್ದು ಆಗಬೇಕಿತ್ತು. ಹಳೆಯ ಸದಸ್ಯರ ಅವಧಿ ಮುಗಿದು ಎರಡು ವರ್ಷ ದಾಟಿದೆ. ಕ್ಷೇತ್ರ ವಿಂಗಡಣೆ, ಮೀಸಲಾತಿ, ಕೋರ್ಟು ಎಂದು ಮುಂದೆ ಹೋಗುತ್ತಲೇ ಇದೆ. ಇದು ಸರಿಯಲ್ಲ. ಊರಿನ ಕಾಲುವೆಯ ಬಗ್ಗೆ ಯಾರನ್ನು ಕೇಳಬೇಕು? ಅಧಿಕಾರಿಯನ್ನು ಕೇಳಿದರೆ ಅವರು ವರ್ಗವಾಗಿ ಹೋಗುತ್ತಾರೆ.

ಆದ್ದರಿಂದ ಶಾಸಕರಿಗೆ, ಸಂಸದರಿಗೆ, ಪಂಚಾಯತ್ ರಾಜ್ ಮಂತ್ರಿಗಳಿಗೆ ಒಂದೊಂದು ಪತ್ರ ಬರೆದೆ. ಉತ್ತರ ಬರಲಿಲ್ಲ, ಇನ್ನೊಂದೊಂದು ಬರೆದೆ. ಮೂರನೆಯದನ್ನು ಕೈಯಲ್ಲೇ ಕೊಡೋಣವೆಂದು ಶಾಸಕರ ಕಚೇರಿಗೆ ಹೋದೆ. ಅಲ್ಲಿ ವಿಶಾಲ್ ಎಂಬ ಹುಡುಗ ಕೂರುತ್ತಾನೆ. ನನ್ನನ್ನು ಕೂರಿಸಿ, ಫ್ಯಾನು ನನ್ನ ಕಡೆ ತಿರುಗಿಸಿ, ಮೆಲ್ಲನೆ ಕೇಳಿದ:

"ಬೆಂಜಮಿನಣ್ಣ, ಬೇಜಾರು ಮಾಡ್ಬೇಡಿ. ನಿಮಗೆ ಟಿಕೆಟ್ ಬೇಕಾ?"

"ಎಂತ ಟಿಕೆಟ್?"

"ಜಿಲ್ಲಾ ಪಂಚಾಯತಿಗೆ. ಅಲ್ಲದಿದ್ರೆ ಯಾರು ಇಷ್ಟು ಬರೀತಾರೆ, ಹೇಳಿ."

ನನಗೆ ಚುನಾವಣೆ ಬೇಕು, ನಿಲ್ಲುವುದು ಬೇಡ ಎಂದೆ. ಅವನು ಅದನ್ನು ನಂಬಲಿಲ್ಲ. ಮರುದಿನವೇ ಸುದ್ದಿ ಕಾಪು ಪೇಟೆಯಲ್ಲಿ ಹರಡಿತು. ಅಂಗಾರ ನಿನಗೆ ನೆನಪಿರಬಹುದು, ನಾಡದೋಣಿಯವನು, ನಿನಗೆ ಚಿಕ್ಕಂದಿನಲ್ಲಿ ಏಡಿ ತಂದುಕೊಡುತ್ತಿದ್ದವನು. ವರ್ಕ್‌ಶಾಪಿಗೆ ಬಂದು ನನಗೆ ಕೈಮುಗಿದು ನಿಂತ. "ಸದಸ್ಯರೇ, ನನ್ನ ಎಂಜಿನ್ ಎಂತ ಆಯ್ತು? ಗೆದ್ದ ಮೇಲೆ ನೀವು ಫೋನ್ ತೆಗೀಲಿಕ್ಕುಂಟಾ?" ಎಂದ. ಜೆಫ್ರಿ ನಕ್ಕು ನಕ್ಕು ಸ್ಪ್ಯಾನರ್ ಬೀಳಿಸಿದ. ನಿನ್ನ ಮಮ್ಮಿ ನಗಲಿಲ್ಲ. ಅವಳು ನನ್ನನ್ನು ಬಹಳ ಹೊತ್ತು ನೋಡಿದಳು.

ಪಪ್ಪ


ಇನ್ನಂಜೆ
5 ನವೆಂಬರ್ 2023

ಡಿಂಪಲ್,

ನಿನ್ನಿಂದ ಪತ್ರವಿಲ್ಲ. ನೀವು ಬರೆಯಬಹುದಾದ ದಿನಗಳು ಕಡಿಮೆ ಎಂದು ಮಮ್ಮಿ ಹೇಳಿದಳು.

ಜಿಲ್ಲಾ ಪಂಚಾಯತಿನ ಸುದ್ದಿಯೂ ಇಲ್ಲ. ಆದರೆ ಲೋಕಸಭೆಗಾಗಿ ಮತದಾರರ ಪಟ್ಟಿಯನ್ನು ಪರಿಷ್ಕರಿಸುತ್ತಿದ್ದಾರೆ. ಮೊನ್ನೆ ಅಂಗನವಾಡಿಯ ತೃಪ್ತಿ ಸ್ಕೂಟರಿನಲ್ಲಿ ಬಂದಳು. ಮನೆಮನೆಗೆ ಹೋಗಿ ಹೆಸರು ನೋಡುವ ಕೆಲಸ ಅವಳದ್ದು. ಜಗಲಿಯಲ್ಲಿ ಕುಳಿತು ಒಂದೊಂದೇ ಓದಿದಳು. ಬೆಂಜಮಿನ್, ಇದ್ದಾರೆ. ವಿಲ್ಮಾ, ಇದ್ದಾರೆ. ಜೆಫ್ರಿ, ಇದ್ದಾರೆ. ಆಮೇಲೆ, "ಡಿಂಪಲ್ ಮಥಾಯಸ್? ಇಲ್ಲೇ ಉಂಟಾ ಅಂಕಲ್?" ಎಂದಳು.

ನಿನ್ನ ಹೆಸರು ಇನ್ನೂ ಇಲ್ಲಿ ಇದೆ ಎಂದು ನನಗೆ ಗೊತ್ತಿರಲಿಲ್ಲ. ಹದಿನೆಂಟು ತುಂಬಿದ ವರ್ಷ ನಾನೇ ಬರೆಸಿದ್ದು. ಅದೇ ಫೋಟೋ, ಎರಡು ಜಡೆ.

"ಉಂಟು" ಎಂದೆ.

ತೃಪ್ತಿ ಮದುವೆಯಾಗಿ ಈ ಊರಿಗೆ ಬಂದವಳು, ನಿನ್ನನ್ನು ಕಂಡವಳಲ್ಲ. ಗುರುತು ಹಾಕಿ ಮುಂದಿನ ಮನೆಗೆ ಹೋದಳು. ಮಮ್ಮಿ ಒಳಗಿನಿಂದ ಎಲ್ಲ ಕೇಳಿಸಿಕೊಂಡಿದ್ದಳು. ಊಟಕ್ಕೆ ಬಂಗುಡೆ ಸಾರು ಇತ್ತು. ಬಡಿಸಿಟ್ಟು ಅವಳು ಒಳಗೆ ಹೋದಳು.

ಪಪ್ಪ


ನಿಟ್ಟೆ
27 ಡಿಸೆಂಬರ್ 2023

ಪ್ರೀತಿಯ ಪಪ್ಪಾ,

ಕ್ರಿಸ್ಮಸಿನ ಶುಭಾಶಯ. ಕ್ರಿಸ್ಮಸಿಗೆ ಮೊದಲಿನ ನಾಲ್ಕು ವಾರ, ಆಗಮನ ಕಾಲದಲ್ಲಿ, ನಮಗೆ ಪತ್ರವೂ ಇಲ್ಲ, ಭೇಟಿಯೂ ಇಲ್ಲ. ನಿಮ್ಮ ಎರಡೂ ಪತ್ರಗಳನ್ನು ಈಗ ಮತ್ತೊಮ್ಮೆ ಒಟ್ಟಿಗೆ ಓದಿದೆ. ಅಂಗಾರಣ್ಣನ ಮಾತನ್ನು ನಾನು ಇಲ್ಲಿನವರಿಗೆ ಓದಿ ಹೇಳಿದೆ. ಎಂಬತ್ತು ದಾಟಿದ ಸಿಸ್ಟರ್ ಒಬ್ಬರು ಈಗ ದಿನವೂ ನಿಮ್ಮ ಗೆಲುವಿಗಾಗಿ ಪ್ರಾರ್ಥಿಸುತ್ತಾರೆ. ನೀವು ನಿಲ್ಲುತ್ತಿಲ್ಲವೆಂದು ಎಷ್ಟು ಹೇಳಿದರೂ ಅವರಿಗೆ ಕೇಳಿಸುವುದಿಲ್ಲ.

ಮತಗಟ್ಟೆಯಲ್ಲಿ ನಾವು ಹಿರಿತನದ ಪ್ರಕಾರ ನಿಲ್ಲುವುದು ಕ್ರಮ. ನನ್ನ ಹಿಂದೆ ಐದಾರು ಮಂದಿ ಕಿರಿಯರು ಬರಬೇಕು. ಮೇ ತಿಂಗಳಲ್ಲಿ ನಾನು ಅವರನ್ನೆಲ್ಲ ಮುಂದೆ ಬಿಟ್ಟು ಕೊನೆಗೆ ನಿಂತೆ. ಮದರ್ ಅದನ್ನು ಗಮನಿಸಿದರು. ಈ ಸಾಲನ್ನು ಓದುವಾಗಲೂ ಗಮನಿಸುತ್ತಾರೆ. ಯಾಕೆ ಎಂದು ಅವರು ಆಗ ಕೇಳಲಿಲ್ಲ. ಬಿಸಿಲು ಜೋರಾಗಿತ್ತು, ಸಾಲು ಮೆಲ್ಲಗೆ ಸರಿಯುತ್ತಿತ್ತು, ಇನ್ನೂ ಮೆಲ್ಲಗೆ ಸರಿಯಲಿ ಎಂದು ನನಗೆ ಅನಿಸುತ್ತಿತ್ತು.

ತೃಪ್ತಿಗೆ ನೀವು ಕೊಟ್ಟ ಉತ್ತರದ ಬಗ್ಗೆ ಏನು ಬರೆಯಲಿ, ತಿಳಿಯದು. ಎರಡು ಸಲ ಬರೆದು ಹರಿದೆ.

ಸಿಸ್ಟರ್ ವೆರೊನಿಕಾ


ಇನ್ನಂಜೆ
14 ಜನವರಿ 2024

ಡಿಂಪಲ್,

ತುರ್ತು ವಿಷಯ. ಲೋಕಸಭೆ, ವಿಧಾನಸಭೆ, ಪಂಚಾಯತಿಗಳ ಚುನಾವಣೆಯನ್ನೆಲ್ಲ ಒಟ್ಟಿಗೆ ನಡೆಸುವ ಯೋಚನೆ ದೆಹಲಿಯಲ್ಲಿ ನಡೆದಿದೆ. ಅದಕ್ಕೊಂದು ಸಮಿತಿ ಇದೆ, ಅದು ಸಾರ್ವಜನಿಕರ ಅಭಿಪ್ರಾಯ ಕೇಳಿದೆ. ನಾಳೆ ಕೊನೆಯ ದಿನ. ಜೆಫ್ರಿಯ ಮೊಬೈಲಿನಿಂದ ಕಳುಹಿಸಿದೆ. ಸಂಸದರ ಕಚೇರಿಗೆ ಪ್ರತಿಯನ್ನು ಅಂಚೆಯಲ್ಲಿ ಹಾಕಿದೆ. ಬರೆದದ್ದರಲ್ಲಿ ಸ್ವಲ್ಪ ನಿನಗಾಗಿ ನಕಲು ಮಾಡುತ್ತೇನೆ:

"ಖರ್ಚು ಉಳಿಯುತ್ತದೆ ಎಂಬ ವಾದವನ್ನು ನಾನು ಅಲ್ಲಗಳೆಯುವುದಿಲ್ಲ. ಆದರೆ ಮತ ಹಾಕಿದವನ ಮಾತು ಮತ್ತೆ ಕೇಳಿಸಬೇಕಾದರೆ ಐದು ವರ್ಷ ಕಾಯಬೇಕು ಎಂದಾಗುತ್ತದೆ. ಐದು ವರ್ಷದಲ್ಲಿ ಮನುಷ್ಯನ ಮುಖವೇ ಬದಲಾಗುತ್ತದೆ. ಚುನಾವಣೆಗಳು ಬೇರೆ ಬೇರೆ ವರ್ಷಗಳಲ್ಲಿ ಬರುವುದರಿಂದ ಸಾಮಾನ್ಯ ಜನರಿಗೆ ಎಷ್ಟು ಪ್ರಯೋಜನವಿದೆ ಎಂಬುದು ಅಂಕಿ ಅಂಶಗಳಲ್ಲಿ ಕಾಣುವುದಿಲ್ಲ."

ಅಂಗಾರನಿಗೆ ಓದಿ ಹೇಳಿದೆ. "ಎಂತ ಮಾರಾಯ, ಬೇರೆಯವರು ಚುನಾವಣೆ ಮುಗಿದ್ರೆ ಸಾಕು ಅಂತಾರೆ, ನಿನಗೆ ವರ್ಷಕ್ಕೆರಡು ಬೇಕಾ?" ಎಂದ. ವರ್ಷಕ್ಕೆರಡು ಆದರೆ ಒಳ್ಳೆಯದೇ ಎಂದೆ. ಅವನು ಬೀಡಿ ಹಚ್ಚಿದ. ಆಮೇಲೆ, ಎದ್ದು ಹೋಗುವಾಗ ಕೇಳಿದ: "ಮಗು ಹೇಗುಂಟು?" ಯಾರು ಎಂದು ನಾನು ಕೇಳಲಿಲ್ಲ.

ಏಪ್ರಿಲ್ ಅಥವಾ ಮೇಯಲ್ಲಿ ಲೋಕಸಭೆ ಖಂಡಿತ. ಅದರ ನಂತರ ಯಾವುದು, ಯಾವಾಗ ಎಂದು ಹೇಳುವವರಿಲ್ಲ.

ಪಪ್ಪ


ನಿಟ್ಟೆ
10 ಫೆಬ್ರವರಿ 2024

ಪ್ರೀತಿಯ ಪಪ್ಪಾ,

ಬುಧವಾರದಿಂದ ತಪಸ್ಸಿನ ಕಾಲ. ಈಸ್ಟರ್ ತನಕ ನನಗೆ ಬರೆಯಲಾಗುವುದಿಲ್ಲ. ಆದ್ದರಿಂದ ಇದನ್ನು ಈಗಲೇ ಬರೆಯಬೇಕು.

ಹೊಸ ಮತದಾರರ ಪಟ್ಟಿ ಬಂದಿದೆ. ನಿಟ್ಟೆಯ ಪಟ್ಟಿಯಲ್ಲಿ ನನ್ನ ಹೆಸರಿಲ್ಲ.

ನಡೆದದ್ದು ಇಷ್ಟು. ಪಟ್ಟಿ ನೋಡುವವರು ನಮ್ಮ ಬಾಗಿಲಿಗೂ ಬಂದು ಡಿಂಪಲ್ ಮಥಾಯಸ್ ಇದ್ದಾರಾ ಎಂದು ಕೇಳಿದ್ದಾರೆ. ಬಾಗಿಲು ನೋಡಿಕೊಳ್ಳುವ ಸಿಸ್ಟರ್ ಕಳೆದ ವರ್ಷ ಕೇರಳದಿಂದ ಬಂದವರು. ಅವರಿಗೆ ಗೊತ್ತಿರುವುದು ವೆರೊನಿಕಾ ಮಾತ್ರ. ಹಾಗೆ ಯಾರೂ ಇಲ್ಲ ಎಂದು ಹೇಳಿ ಕಳುಹಿಸಿದರು. ಇನ್ನಂಜೆಯಲ್ಲಿ ನೀವು ಉಂಟು ಎಂದಿರಿ. ಒಬ್ಬಳಿಗೆ ಎರಡು ಕಡೆ ಹೆಸರಿರಬಾರದು. ಇಲ್ಲ ಎಂದ ಕಡೆಯಿಂದ ತೆಗೆದರು, ಉಂಟು ಎಂದ ಕಡೆ ಉಳಿಸಿದರು. ಯಾರನ್ನೂ ದೂರುವ ಹಾಗಿಲ್ಲ.

ಮದರ್ ನನ್ನನ್ನು ಕರೆದರು. ಮತ ಹಾಕುವುದು ಕರ್ತವ್ಯ, ಮತ ಎಲ್ಲಿದೆಯೋ ಅಲ್ಲಿಗೆ ಹೋಗಿ ಬರಬಹುದು, ಜೊತೆಗೆ ಒಬ್ಬ ಹಿರಿಯ ಸಿಸ್ಟರ್ ಬರುತ್ತಾರೆ ಎಂದರು. "ಇನ್ನಂಜೆಗೆ ಹೋಗುತ್ತೀಯಾ?" ಎಂದು ಕೇಳಿದರು. ಹೂಂ ಎಂದೆ. ತುಂಬ ಬೇಗ ಹೇಳಿಬಿಟ್ಟೆ. ನನ್ನ ಧ್ವನಿ ನನಗೇ ಕೇಳಿಸಿತು.

ಆಮೇಲೆ ಎಷ್ಟೋ ದಿನ ನಾನು ಮನಸ್ಸಿನಲ್ಲೇ ಆ ಸಾಲಿನಲ್ಲಿ ನಿಂತೆ. ಗಂಡಸರದ್ದು ಒಂದು ಸಾಲು, ಹೆಂಗಸರದ್ದು ಪಕ್ಕದಲ್ಲಿ. ನೀವು ಆ ಕಡೆ, ಮಮ್ಮಿ ನನ್ನ ಹಿಂದೆ. ಗದ್ದೆಯ ಆಚೆ ನಮ್ಮ ಮನೆಯ ಹಂಚು ಕಾಣುತ್ತದೆ. ಮಮ್ಮಿ ಖಂಡಿತ, ಒಂದು ಲೋಟ ಪಾನಕ ಕುಡಿದು ಹೋಗಿ ಸಿಸ್ಟರ್, ಎನ್ನುತ್ತಾಳೆ. ಅಲ್ಲಿಂದ ತಿರುಗಿ ವ್ಯಾನು ಹತ್ತಬಲ್ಲೆನೇ? ನನಗೆ ಗೊತ್ತಿಲ್ಲ. ಮದರ್ ಇದನ್ನು ಓದುತ್ತಾರೆ, ಓದಲಿ.

ಪಪ್ಪಾ, ಯಾರೂ ನನ್ನನ್ನು ಇಲ್ಲಿ ಕೂಡಿಹಾಕಿಲ್ಲ. ನಾನು ಇಲ್ಲಿ ಸುಖವಾಗಿದ್ದೇನೆ. ನೀವು ನಂಬದ ಮಾತು ಇದೊಂದೇ, ಅದಕ್ಕೇ ಇದನ್ನು ನಿಮಗೆ ನಾನು ಎಂದೂ ಸರಿಯಾಗಿ ಹೇಳಿಲ್ಲ. ಸುಖವಾಗಿದ್ದವರಿಗೂ ಮನೆ ಬೇಕೆನಿಸುತ್ತದೆ. ಎರಡೂ ನಿಜ.

ಹೆಸರನ್ನು ನಿಟ್ಟೆಗೆ ಬದಲಿಸಲು ನಾನು ಅರ್ಜಿ ಹಾಕಿದ್ದೇನೆ. ತೃಪ್ತಿ ಮತ್ತೆ ನಿಮ್ಮ ಜಗಲಿಗೆ ಬಂದು ಕೇಳುತ್ತಾಳೆ. ನೀವು ಮತ್ತೆ ಉಂಟು ಎಂದರೆ ಅರ್ಜಿ ತಿರಸ್ಕಾರವಾಗುತ್ತದೆ, ನಾನು ಆ ದಿನ ಇನ್ನಂಜೆಗೆ ಬರುತ್ತೇನೆ. ಇಲ್ಲ ಎಂದರೆ ಬರುವುದಿಲ್ಲ.

ಇಲ್ಲ ಎಂದು ಹೇಳಿ.

ನಿಮ್ಮ,
ವೆರೊನಿಕಾ


ಇನ್ನಂಜೆ
2 ಮಾರ್ಚ್ 2024

ಡಿಂಪಲ್,

ಇದು ಈಸ್ಟರ್ ತನಕ ಮದರ್ ಅವರ ಮೇಜಿನಲ್ಲಿ ಇರುತ್ತದೆ ಎಂದು ಗೊತ್ತು. ಇರಲಿ. ಇವತ್ತಿನದ್ದನ್ನು ಇವತ್ತೇ ಬರೆಯಬೇಕು.

ನಿನ್ನ ಪತ್ರವನ್ನು ನಾನು ಯಾರಿಗೂ ತೋರಿಸಿರಲಿಲ್ಲ. ಮಮ್ಮಿಗೂ. ಅದನ್ನು ಅಂಗಿಯ ಕಿಸೆಯಲ್ಲಿಟ್ಟುಕೊಂಡು ಎಂಜಿನ್ ಬಿಚ್ಚಿದೆ, ಜೋಡಿಸಿದೆ. ಒಂದನ್ನು ತಪ್ಪಾಗಿ ಜೋಡಿಸಿದೆ, ಅಂಗಾರ ನಡುಸಮುದ್ರದಿಂದ ಫೋನ್ ಮಾಡಿ ಬೈದ. ಒಂದು ದಿನ ಶಾಲೆಯ ಜಗಲಿಗೆ ಹೋಗಿ ನಿಂತು ನೋಡಿದೆ. ನೀನು ಹೇಳಿದ್ದು ಸರಿ, ಹಂಚು ಕಾಣುತ್ತದೆ. ಬಾವಿಕಟ್ಟೆಯೂ ಕಾಣುತ್ತದೆ.

ಇವತ್ತು ತೃಪ್ತಿ ಬಂದಳು. ಮೊಬೈಲ್ ತೆರೆದು ಹೇಳಿದಳು: "ಅಂಕಲ್, ಡಿಂಪಲ್ ಅವರದ್ದು ಅರ್ಜಿ ಬಂದಿದೆ. ಅವರು ಇಲ್ಲಿಯ ಸಾಮಾನ್ಯ ನಿವಾಸಿಯಾ ಅಲ್ವಾ ಅಂತ ನೀವು ಹೇಳ್ಬೇಕು."

"ಹಾಗೆಂದರೆ?"

"ದಿನಾ ಮಲಗುದು, ಏಳುದು ಎಲ್ಲಿ, ಅದು. ಹಬ್ಬಕ್ಕೆ ಬಂದು ಹೋಗುದು ಲೆಕ್ಕ ಇಲ್ಲ."

"ಹಬ್ಬಕ್ಕೂ ಬರುವುದಿಲ್ಲ."

"ಮತ್ತೆ ಆಗ ಉಂಟು ಅಂದಿರಿ?"

ಮಮ್ಮಿ ಹೊರಗೆ ಬಂದು ಕಂಬ ಹಿಡಿದು ನಿಂತಳು. ಇಷ್ಟು ಹೊತ್ತಿನಲ್ಲಿ ಅವಳಿಗೆ ಎಲ್ಲ ಗೊತ್ತಾಗಿತ್ತು. ಬಹುಶಃ ಮೊದಲೇ ಗೊತ್ತಿತ್ತು. ಅವಳು ನನ್ನ ಪರವಾಗಿ ಉತ್ತರ ಕೊಡಬಹುದಿತ್ತು. ಕೊಡಲಿಲ್ಲ.

"ಇಲ್ಲ" ಎಂದೆ. "ಅವಳು ಇಲ್ಲಿ ಇಲ್ಲ."

"ಎಲ್ಲಿದ್ದಾರೆ ಅಂತ ಬರೀಲಿ?"

"ನಿಟ್ಟೆಯಲ್ಲಿ. ಅವಳ ಮನೆಯಲ್ಲಿ."

ತೃಪ್ತಿ ಬರೆದುಕೊಂಡು, ನನಗೆ ಓದಿ ಹೇಳಿ, ಸಹಿ ಹಾಕಿಸಿದಳು. ಹೋಗುವಾಗ, "ಇಷ್ಟೇ ಅಂಕಲ್, ದೊಡ್ಡ ವಿಷಯ ಅಲ್ಲ" ಎಂದು ಸಮಾಧಾನ ಮಾಡಿದಳು. ನನ್ನ ಮುಖ ಹೇಗಿತ್ತೋ.

ಮಮ್ಮಿ ನನ್ನ ಪಕ್ಕದಲ್ಲಿ ಜಗಲಿಯ ಮೇಲೆ ಕುಳಿತಳು. ನೀನು ಹೋದ ಮೇಲೆ ಅವಳು ಅಲ್ಲಿ ಹಾಗೆ ಕುಳಿತದ್ದು ನನಗೆ ನೆನಪಿಲ್ಲ. "ಅವಳು ಜನವರಿಯಲ್ಲಿ ಹಾಡಿ ತೋರಿಸಿದಳು" ಎಂದಳು. "ಅಲ್ಲಿ ಕಲಿತದ್ದಂತೆ." ನೀನು ಈಗಲೂ ಹಾಡುತ್ತೀ ಎಂದು ನನಗೆ ಯಾರೂ ಹೇಳಿರಲಿಲ್ಲ. ನಾನು ಕೇಳಿರಲೂ ಇಲ್ಲ.

ಪಪ್ಪ


ನಿಟ್ಟೆ
26 ಏಪ್ರಿಲ್ 2024

ಪ್ರೀತಿಯ ಪಪ್ಪಾ,

ಈಸ್ಟರಿನ ದಿನ ನಿಮ್ಮ ಪತ್ರ ಕೈಗೆ ಬಂತು. ಅದಕ್ಕೆ ಉತ್ತರ ಬರೆಯಲು ಕುಳಿತಾಗಲೆಲ್ಲ, ಮತದಾನದ ದಿನ ಹೇಗೂ ನೋಡುತ್ತೇನಲ್ಲ ಎಂದುಕೊಂಡು ಎದ್ದೆ.

ಇವತ್ತು ಮತ ಹಾಕಿದೆ. ಪಟ್ಟಿಯ ಕೊನೆಯಲ್ಲಿ ನನ್ನ ಹೆಸರನ್ನು ಹೊಸದಾಗಿ ಸೇರಿಸಿದ್ದರು. ಕಿರಿಯರನ್ನೆಲ್ಲ ಮುಂದೆ ಬಿಟ್ಟು ಹಿಂದೆ ನಿಂತಿದ್ದೆ. ಸೆಖೆಗೆ ಒಬ್ಬ ಸಿಸ್ಟರ್ ತಲೆಸುತ್ತಿ ಕುಳಿತರು. ರಸ್ತೆಯಲ್ಲಿ ಪೊಲೀಸಿನವರು ಬಿಟ್ಟರೆ ಯಾರೂ ಇರಲಿಲ್ಲ. ಬಸ್ಸು ತಡವಾಗಿರಬಹುದು ಎಂದು ಶೂ ಬಿಗಿ ಮಾಡುವ ನೆವದಲ್ಲಿ ಬಗ್ಗಿದೆ. ವ್ಯಾನಿನ ಡ್ರೈವರ್ ಹಾರ್ನ್ ಹಾಕಿದ.

ನಿಮಗೆ ಆರೋಗ್ಯವಿದೆಯೇ? ಮಮ್ಮಿ ಮುಂದಿನ ಸಲ ಬರುವಾಗ ಹೇಳಿ ಕಳುಹಿಸಿ.

ವೆರೊನಿಕಾ


ಇನ್ನಂಜೆ
30 ಏಪ್ರಿಲ್ 2024

ಇವರಿಗೆ,
ಮದರ್ ಪ್ಯಾಟ್ರಿಶಿಯಾ ಅವರು,
ನಿಟ್ಟೆ

ಮಾನ್ಯರೇ,

ವಿಷಯ: ಭೇಟಿಗೆ ಅನುಮತಿ ಕೋರಿ.

ಈ ಮೇಲಿನ ವಿಷಯದಲ್ಲಿ ತಮ್ಮಲ್ಲಿ ವಿನಂತಿಸಿಕೊಳ್ಳುವುದೇನೆಂದರೆ, ನಾನು ತಮ್ಮ ಕಾನ್ವೆಂಟಿನ ಸಿಸ್ಟರ್ ವೆರೊನಿಕಾ ಅವರ ತಂದೆ. ನನ್ನ ಪತ್ರಗಳನ್ನು ಓದಿರುವುದರಿಂದ ತಮಗೆ ನನ್ನ ಪರಿಚಯ ಇದ್ದೇ ಇದೆ.

ಮೊನ್ನೆ 26ರಂದು ನಾನು ನಿಟ್ಟೆಗೆ ಬರಲಿಲ್ಲ. ಆರೋಗ್ಯ ಚೆನ್ನಾಗಿದೆ. ಪಡುಬಿದ್ರಿ ಬಸ್‌ಸ್ಟ್ಯಾಂಡಿನ ತನಕ ಹೋಗಿದ್ದೆ. ಕಾರ್ಕಳದ ಬಸ್ಸು ಬಂದು ನಿಂತಿತು, ಕಂಡಕ್ಟರ್ ಕರೆದ. ದೂರ ನಿಂತು ಬೆನ್ನು ನೋಡಿ ಬರುವುದು ಇನ್ನು ಸಾಕು ಎನಿಸಿ ಹಿಂದೆ ಬಂದೆ. ಮಗಳು ಕಾಯುತ್ತಿರಬಹುದೆಂದು ನನಗೆ ಆಗ ಹೊಳೆಯಲಿಲ್ಲ. ನಿನ್ನೆ ಪತ್ರ ಬಂದ ಮೇಲೆ ತಿಳಿಯಿತು. ಇದನ್ನು ಅವಳಿಗೆ ದಯವಿಟ್ಟು ತಿಳಿಸಬೇಕು.

ತಮ್ಮಲ್ಲಿ ಯಾವ ದಿನ, ಎಷ್ಟು ಹೊತ್ತಿಗೆ ಬರಬಹುದು ಎಂದು ನನ್ನ ಪತ್ನಿಯನ್ನು ಕೇಳಿದೆ. ಅವಳಿಗೆ ಚೆನ್ನಾಗಿ ಗೊತ್ತಿದೆ. ಆದರೆ, "ನೀವೇ ಬರೆದು ಕೇಳಿ, ಊರಿಗೆಲ್ಲ ಬರೆಯುತ್ತೀರಲ್ಲ" ಎಂದಳು. ಅವಳ ಜೊತೆ ಬರುವುದೋ, ಬೇರೆಯಾಗಿ ಬರುವುದೋ ತಮ್ಮ ಕ್ರಮ ಹೇಗಿದೆಯೋ ಹಾಗೆ. ಜಾಲರಿಯ ಬಗ್ಗೆ ನನ್ನ ಆಕ್ಷೇಪಣೆ ಏನೂ ಇಲ್ಲ.

ಮಗಳು ಹಾಡುತ್ತಾಳೆಂದು ಕೇಳಿದ್ದೇನೆ. ನಿಯಮದಲ್ಲಿ ಅವಕಾಶವಿದ್ದರೆ ಒಂದು ಹಾಡು ಕೇಳುವ ಆಸೆ ಇದೆ. ಇಲ್ಲದಿದ್ದರೆ ಸುಮ್ಮನೆ ಕೂರುತ್ತೇನೆ.

ಈಚೆಗೆ ನಾನು ಬಹಳ ಮಂದಿಗೆ ಪತ್ರ ಬರೆದಿದ್ದೇನೆ. ಉತ್ತರ ಬಾರದೆ ಇರುವುದು ನನಗೆ ಅಭ್ಯಾಸವಾಗಿದೆ. ಈ ಒಂದಕ್ಕೆ ಮಾತ್ರ ಹಾಗಲ್ಲ.

ತಮ್ಮ ವಿಶ್ವಾಸಿ,
ಬೆಂಜಮಿನ್ ಮಥಾಯಸ್